ಗೌರಿಗೆ ಕ್ಯಾನ್ಸರ್: ಮನೆಯಲ್ಲಿ ನೋಡಿಕೊಂಡ ಬಗೆ

ನಮ್ಮ ಗೌರಿ ಹದಿಮೂರು ವರ್ಷದ ಬೆಕ್ಕು. ಊಟ ಕಡಿಮೆಯಾಯಿತು, ಆಗಾಗ ವಾಂತಿ, ಬೆನ್ನು ಸವರಿದರೆ ಬರೀ ಮೂಳೆ. ಕಿವಿಯ ಒಳಗೆ ಹಳದಿ ಕಂಡ ದಿನವೇ ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು.

ಸ್ಕ್ಯಾನಿಂಗ್‌ನಲ್ಲಿ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಹತ್ತಿರ ಗಡ್ಡೆ ಇತ್ತು, ಲಿವರ್ ಮೇಲೂ ಚುಕ್ಕೆಗಳು. ಬರೀ ಊತವಾದರೂ ಸ್ಕ್ಯಾನಿಂಗ್‌ನಲ್ಲಿ ಹೀಗೇ ಕಾಣಬಹುದಂತೆ. ಅದಕ್ಕೇ ಸೂಜಿ ಹಾಕಿ ಜೀವಕೋಶ ತೆಗೆದು ನೋಡಿದರು. ಕ್ಯಾನ್ಸರೇ. ಬೆಕ್ಕುಗಳಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಪರೂಪ, ಆದರೆ ಗೊತ್ತಾಗುವಷ್ಟರಲ್ಲಿ ಹೆಚ್ಚಾಗಿ ಬೇರೆ ಕಡೆಗೂ ಹರಡಿರುತ್ತದೆ. ಆಪರೇಷನ್ ಬೇಡ, ಇರುವಷ್ಟು ದಿನ ನೋವಿಲ್ಲದೆ ಇರಲಿ ಎಂದು ನಿರ್ಧರಿಸಿದೆವು.

ಊಟದ್ದೇ ದೊಡ್ಡ ಕೆಲಸ. ಬೆಕ್ಕು ಕೆಲವೇ ದಿನ ಉಪವಾಸ ಬಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಹಾಗಂತ ಹೊಟ್ಟೆ ತೊಳಸುವಾಗ ಬಾಯಿಗೆ ತುರುಕಬಾರದು. ಆ ತಿನಿಸಿನ ವಾಸನೆಗೇ ಆಮೇಲೆ ಮುಖ ತಿರುಗಿಸುತ್ತವೆ. ಮೊದಲು ವಾಂತಿಗೆ ಮಾರೋಪಿಟಂಟ್, ಅದು ಹಿಡಿತಕ್ಕೆ ಬಂದ ಮೇಲೆ ಹಸಿವಿಗೆ ಮಿರ್ಟಾಜಪಿನ್ ಕೊಟ್ಟರು. ಅವ್ವ ಉಪ್ಪು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಏನೂ ಹಾಕದೆ ಕೋಳಿ ಬೇಯಿಸಿ, ಮೆತ್ತಗೆ ಅರೆದು ಕೊಡುತ್ತಿದ್ದಳು. ಉಗುರುಬೆಚ್ಚಗಿದ್ದರೆ ವಾಸನೆ ಚೆನ್ನಾಗಿ ಬರುತ್ತದೆ, ಗೌರಿ ಎರಡು ತುತ್ತು ಜಾಸ್ತಿ ತಿನ್ನುತ್ತಿದ್ದಳು. ತಟ್ಟೆ ಅಗಲವಾಗಿರಲಿ, ಮೀಸೆಗೆ ತಾಗದ ಹಾಗೆ.

ಸಲೈನ್ ಕೊಡುವುದನ್ನು ಡಾಕ್ಟರ್ ಕಲಿಸಿದರು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಮುಟ್ಟಿದರೆ ಬೆಚ್ಚಗೆನಿಸುವಷ್ಟು ಮಾಡಿಕೊಳ್ಳುತ್ತಿದ್ದೆ. ಭುಜಗಳ ನಡುವಿನ ಸಡಿಲ ಚರ್ಮ ಎತ್ತಿ, ಅದರಡಿ ಸೂಜಿ ಹಾಕಬೇಕು. ಅಲ್ಲಿ ನೀರಿನ ಉಬ್ಬು ನಿಲ್ಲುತ್ತದೆ, ಕೆಲವು ಗಂಟೆಯಲ್ಲಿ ಇಳಿಯುತ್ತದೆ, ಹೆದರಬೇಡಿ. ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ನೋವಿಗೂ ಅಷ್ಟೇ, ಅವರು ಬರೆದುಕೊಟ್ಟ ಔಷಧಿ ಮಾತ್ರ. ಮನೆಯಲ್ಲಿದೆ ಅಂತ ಪ್ಯಾರಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಜೀವ ತೆಗೆಯಬಹುದು.

ಬೆಕ್ಕು ನೋವನ್ನು ಬಚ್ಚಿಡುತ್ತದೆ. ಆದ್ದರಿಂದ ಸುಮ್ನೆ ಅಂದಾಜು ಮಾಡದೆ, ಮೂರು ವಿಷಯವನ್ನು ದಿನಾ ಕ್ಯಾಲೆಂಡರ್ ಮೇಲೆ ಬರೆದೆ: ತಾನಾಗಿ ತಿಂದಳಾ, ತಾನಾಗಿ ಮಣ್ಣಿನ ಟ್ರೇಗೆ ಹೋದಳಾ, ಮೈ ನೆಕ್ಕಿಕೊಂಡಳಾ. ಮೂರಕ್ಕೂ ಇಲ್ಲ ಎಂದು ಬರೆಯುವ ದಿನಗಳು ಒಂದರ ಹಿಂದೆ ಒಂದು ಬಂದಾಗ ಅವ್ವನೇ, 'ಸಾಕಪ್ಪಾ, ಇನ್ನು ಆಕೀಗೆ ನೋವು ಬ್ಯಾಡ' ಅಂದಳು. ಡಾಕ್ಟರ್ ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು, ಪೂರ್ತಿ ಮಲಗಿದ ಮೇಲೆ ಕೊನೆಯದನ್ನು ಕೊಟ್ಟರು. ಅಷ್ಟು ಹೊತ್ತೂ ಅವಳು ನನ್ನ ತೊಡೆ ಮೇಲೇ ಇದ್ದಳು. ಹಾಗೆ ಇಟ್ಟುಕೊಳ್ಳಬಹುದಾ ಎಂದು ಮೊದಲೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಬಿಡುತ್ತಾರೆ.