ಒಂಟಾರಿಯೊ ಸರೋವರದಲ್ಲಿ ಸಾಲ್ಮನ್: ಡೌನ್‌ರಿಗರ್‌ಗೆ ಯಾವ ದಾರ, ಹೇಗೆ ಕಟ್ಟಬೇಕು

ಮಿಸ್ಸಿಸಾಗಾ, ಬ್ರ್ಯಾಂಪ್ಟನ್, ಓಕ್‌ವಿಲ್ ಕಡೆ ಬಂದು ನೆಲೆಸುವವರಲ್ಲಿ ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರಿದ್ದರೆ ಓಡುವ ದೋಣಿಯ ಹಿಂದೆ ಗಾಳ ಎಳೆಯುವುದು ಅವರಿಗೆ ಹೊಸದಲ್ಲ. ಇಲ್ಲಿ ಹೊಸದೆಂದರೆ ಆಳ. ಜುಲೈ, ಆಗಸ್ಟ್‌ನಲ್ಲಿ ಸರೋವರದ ಮೇಲ್ಮೈ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಚಿನೂಕ್ ಸಾಲ್ಮನ್ ಇಷ್ಟಪಡುವುದು ಸುಮಾರು 10ರಿಂದ 13 ಡಿಗ್ರಿ. ಆ ತಣ್ಣನೆಯ ಪದರ 40 ಅಡಿಯಲ್ಲಿರಬಹುದು, 100 ಅಡಿಯಲ್ಲೂ ಇರಬಹುದು. ಸ್ಪೂನನ್ನು (ಚಮಚದಾಕಾರದ ಲೋಹದ ಹುಸಿ ಮೀನು, ಗಾಳ ಸಮೇತ) ಅಲ್ಲಿಗೇ ಇಳಿಸಿ ಅಲ್ಲೇ ಓಡಿಸಲು ಇರುವ ಸಾಧನ ಡೌನ್‌ರಿಗರ್. ಹೊಸಬರು ಬಣ್ಣಬಣ್ಣದ ಸ್ಪೂನ್‌ಗಳಿಗೆ ನೂರಾರು ಡಾಲರ್ ಸುರಿದು, ಗುಂಡು ಕಟ್ಟುವ ದಾರವನ್ನು ಡಬ್ಬಿಯಲ್ಲಿ ಬಂದ ಹಾಗೆಯೇ ಬಿಟ್ಟಿರುತ್ತಾರೆ. ಖರ್ಚಿನ ಕ್ರಮ ತಿರುಗಾಮುರುಗಾ ಆಗಬೇಕು. ಆಳ ತಪ್ಪಿದರೆ ಯಾವ ಬಣ್ಣವೂ ಕೆಲಸಕ್ಕೆ ಬಾರದು.

ಸಾಧನ ಸರಳ. ದೋಣಿಯ ಹಿಂಬದಿಗೆ ಬಿಗಿದ ರಾಟೆ, ಹೊರಚಾಚಿದ ತೋಳು, ಅದರ ತುದಿಯ ಪುಲ್ಲಿಯಿಂದ ಇಳಿಯುವ ಕೇಬಲ್, ಕೇಬಲ್ ತುದಿಗೆ ಸೀಸದ ಗುಂಡು. ಗುಂಡಿನ ಹತ್ತಿರ ಇರುವ ರಿಲೀಸ್ ಕ್ಲಿಪ್‌ಗೆ ಗಾಳದ ದಾರವನ್ನು ಸಿಕ್ಕಿಸಿ ಇಳಿಸಬೇಕು. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಆಮೇಲೆ ಗುಂಡಿನ ಭಾರವಿಲ್ಲದೆ ಬರೀ ರಾಡಿನಲ್ಲೇ ಮೀನನ್ನು ಎಳೆಯಬಹುದು. ಇಲ್ಲಿ ಬಿಟ್ಟ ದಾರದ ಉದ್ದ ತೋರಿಸುವ ಕೌಂಟರ್ ಅಡಿ ಲೆಕ್ಕದಲ್ಲಿ, ಗುಂಡು ಮತ್ತು ದಾರ ಪೌಂಡ್‌ನಲ್ಲಿ, ವೇಗ ಗಂಟೆಗೆ ಮೈಲಿಯಲ್ಲಿ ನಡೆಯುತ್ತವೆ. ಆದ್ದರಿಂದ ಇಲ್ಲೂ ಅದೇ ಲೆಕ್ಕ.

ಗುಂಡಿನ ದಾರ: ಸ್ಟೀಲೋ, ಬ್ರೇಡೋ

ಹೆಚ್ಚಿನ ಡೌನ್‌ರಿಗರ್‌ಗಳ ಜೊತೆ ಬರುವುದು 150 ಪೌಂಡ್ ತಾಳಿಕೆಯ, ಏಳು ಎಳೆಯ ಸ್ಟೇನ್‌ಲೆಸ್ ಸ್ಟೀಲ್ ಕೇಬಲ್. ಅದರ ಬದಲಿಗೆ ಹಾಕಬಹುದಾದದ್ದು 200 ಪೌಂಡ್ ಆಸುಪಾಸಿನ ಹೆಣೆದ ಬ್ರೇಡ್. ಎರಡರ ನಡುವೆ ಆರಿಸುವಾಗ ಮೊದಲು ನೋಡಬೇಕಾದದ್ದು ನೀರಿನ ಒತ್ತಡ. ದೋಣಿ ಓಡುತ್ತಿದ್ದ ಹಾಗೆ ನೀರು ಕೇಬಲ್ಲನ್ನು ಹಿಂದಕ್ಕೆ ತಳ್ಳುತ್ತದೆ, ಗುಂಡು ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ. ಕೇಬಲ್ ನೇರದಿಂದ 30 ಡಿಗ್ರಿ ವಾಲಿದ್ದರೆ, ಕೌಂಟರ್ 100 ಅಡಿ ತೋರಿಸುವಾಗ ಗುಂಡು ಇರುವುದು 87 ಅಡಿಯ ಹತ್ತಿರ. 20 ಡಿಗ್ರಿಯಾದರೆ 94. ಕೇಬಲ್ ನೇರ ಕೋಲಿನ ಹಾಗಿರದೆ ಬಾಗಿರುವುದರಿಂದ ನಿಜವಾದ ಆಳ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಆದರೂ ತಣ್ಣನೆಯ ಪದರ ಹತ್ತು ಅಡಿ ದಪ್ಪವಷ್ಟೇ ಇದ್ದ ದಿನ ಇಷ್ಟು ವ್ಯತ್ಯಾಸ ಇಡೀ ಬೆಳಗನ್ನು ಹಾಳುಮಾಡಲು ಸಾಕು. ಈ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಮೈಲಿಯಿಂದ 2.8 ಮೈಲಿಗೆ ಏರಿಸಿದರೆ ಹತ್ತಿರ ಹತ್ತಿರ ಇಮ್ಮಡಿ.

ಒಳ್ಳೆಯ ಬ್ರೇಡ್ ಅಷ್ಟೇ ತಾಳಿಕೆಯ ಸ್ಟೀಲ್‌ಗಿಂತ ತೆಳು, ಹಾಗಾಗಿ ಬ್ಲೋಬ್ಯಾಕ್ ಕಡಿಮೆ. ಸ್ಟೀಲ್‌ನಂತೆ ನೀರಿನಲ್ಲಿ ಗುಂಯ್‌ಗುಡುವುದೂ ಇಲ್ಲ. ಆ ಸದ್ದಿಗೆ ಮೀನು ಹೆದರುತ್ತದೆ ಎನ್ನುವವರಿದ್ದಾರೆ. ಆ ವಾದವನ್ನು ಬದಿಗಿಟ್ಟರೂ ಬ್ರೇಡ್ ಆರಿಸಲು ತೆಳುವಾಗಿರುವುದೊಂದೇ ಕಾರಣ ಸಾಕು. ಮಡಚಿ ಗಂಟುಬಿದ್ದು ಹಾಳಾಗುವ ಚಿಂತೆಯಿಲ್ಲ, ಹರಿದ ಎಳೆ ಬೆರಳಿಗೆ ಚುಚ್ಚುವುದಿಲ್ಲ, ತುದಿ ಸವೆದರೆ ದೋಣಿಯಲ್ಲೇ ಎರಡು ನಿಮಿಷದಲ್ಲಿ ಮತ್ತೆ ಕಟ್ಟಬಹುದು. ಹೊಸಬರಿಗೆ ಬ್ರೇಡೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಎರಡು ಸಂದರ್ಭದಲ್ಲಿ ಮಾತ್ರ ಸ್ಟೀಲ್ ಇಟ್ಟುಕೊಳ್ಳಿ. ಗುಂಡಿನ ಹತ್ತಿರದ ಉಷ್ಣತೆ, ವೇಗ ಹೇಳುವ ಪ್ರೋಬ್‌ಗಳಲ್ಲಿ ಸಬ್‌ಟ್ರೋಲ್ ಮಾದರಿಯದಕ್ಕೆ ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ಕೇಬಲ್ಲೇ ಆಂಟೆನಾ, ಅಲ್ಲಿ ಬ್ರೇಡ್ ನಡೆಯದು. ಫಿಶ್ ಹಾಕ್ ಪ್ರೋಬ್ ನೀರಿನ ಮೂಲಕ ಧ್ವನಿಸಂಕೇತ ಕಳಿಸುವುದರಿಂದ ಅದಕ್ಕೆ ಯಾವ ದಾರವಾದರೂ ಆಗುತ್ತದೆ. ಎರಡನೆಯದು ತಳಕ್ಕೆ ತಾಗಿಸಿ ಲೇಕ್ ಟ್ರೌಟ್ ಹಿಡಿಯುವ ಅಭ್ಯಾಸ. ಸರೋವರದ ತಳದಲ್ಲಿ ಕ್ವಾಗಾ, ಜೀಬ್ರಾ ಚಿಪ್ಪುಗಳು ದಟ್ಟವಾಗಿ ಹರಡಿವೆ. ಅವುಗಳ ಅಂಚು ಬ್ರೇಡನ್ನು ಬ್ಲೇಡಿನಂತೆ ಕೊಯ್ಯುತ್ತದೆ.

ಸ್ಟೀಲ್ ತೆಗೆದು ಬ್ರೇಡ್ ಹಾಕುವ ಮುನ್ನ ಪುಲ್ಲಿಯ ಮೇಲೆ ಉಗುರು ಆಡಿಸಿ ನೋಡಿ. ವರ್ಷಗಟ್ಟಲೆ ಸ್ಟೀಲ್ ಓಡಿದ ಪುಲ್ಲಿಯಲ್ಲಿ ಗೀರು, ಒರಟು ಅಂಚು ಇದ್ದೇ ಇರುತ್ತದೆ. ಸ್ಟೀಲ್‌ಗೆ ಅದು ಲೆಕ್ಕಕ್ಕಿಲ್ಲ, ಬ್ರೇಡಿಗೆ ಒಂದೇ ದಿನದಲ್ಲಿ ನಾರು ಎದ್ದುಬಿಡುತ್ತದೆ. ಉಗುರು ಸಿಕ್ಕಿಕೊಂಡರೆ ಪುಲ್ಲಿ ಬದಲಾಯಿಸಿ. ಬರೀ ಸ್ಪೂಲಿನ ಮೇಲೆ ಬ್ರೇಡ್ ಸುತ್ತಿದರೆ ಭಾರ ಬಿದ್ದಾಗ ಇಡೀ ಸುತ್ತೇ ಜಾರುತ್ತದೆ, ಆದ್ದರಿಂದ ಸ್ಪೂಲಿನ ರಂಧ್ರಕ್ಕೆ ಮೊದಲ ತುದಿಯನ್ನು ಗಂಟು ಹಾಕಿಯೇ ಸುತ್ತಬೇಕು. ಸುತ್ತುವಾಗ ಇನ್ನೊಬ್ಬರು ಬಟ್ಟೆಯಲ್ಲಿ ದಾರವನ್ನು ಬಿಗಿಯಾಗಿ ಹಿಡಿದಿರಲಿ. ಸಡಿಲ ಸುತ್ತಿನೊಳಗೆ ಮೇಲಿನ ದಾರ ಹೂತು, ಗುಂಡು ನಡುವೆಯೇ ನಿಂತುಬಿಡುತ್ತದೆ. ಈ ಸರೋವರಕ್ಕೆ 300 ಅಡಿ ದಾರ ಇರಲಿ.

ತುದಿ ಕಟ್ಟುವುದು: ಬ್ರೇಡಿಗೆ ದಾರವನ್ನು ಇಮ್ಮಡಿ ಮಾಡಿ ಪಾಲೊಮಾರ್ ಗಂಟು, ಬಿಗಿಯುವ ಮೊದಲು ನೀರಿನಿಂದ ಒದ್ದೆ ಮಾಡಿ. ಸ್ಟೀಲ್‌ಗೆ ಗಂಟು ಹಾಕಲೇಬೇಡಿ. ಎರಡು ತಾಮ್ರದ ಸ್ಲೀವ್ (ಸಣ್ಣ ಕೊಳವೆ) ಏರಿಸಿ, ಕೇಬಲ್ಲನ್ನು ಗುಂಡು ಸಿಕ್ಕಿಸುವ ಸ್ನ್ಯಾಪಿನ ಕಣ್ಣಿಗೆ ತೂರಿಸಿ ಹಿಂದಕ್ಕೆ ತಂದು, ಪ್ರತಿ ಸ್ಲೀವನ್ನೂ ಎರಡು ಮೂರು ಕಡೆ ಕ್ರಿಂಪ್ ಮಾಡಬೇಕು. ಇಕ್ಕಳದಿಂದ ಚಪ್ಪಟೆ ಮಾಡಿದರೆ ಸಾಲದು, ಕ್ರಿಂಪಿಂಗ್ ಉಪಕರಣವೇ ಬೇಕು. ಕೇಬಲ್ ತುದಿ ಮತ್ತು ಗುಂಡಿನ ನಡುವೆ ರಬ್ಬರ್ ಸ್ನಬರ್ ಹಾಕಿದರೆ ಅಲೆಯ ಜಗ್ಗಾಟ ಗಂಟಿನ ಮೇಲೆ ಬೀಳುವುದಿಲ್ಲ. ಯಾವ ದಾರವೇ ಆಗಲಿ, ಸವೆಯುವುದು ಗುಂಡಿನ ಹತ್ತಿರದ ಹತ್ತು ಅಡಿ. ಪ್ರತಿ ಋತುವಿನ ಆರಂಭದಲ್ಲಿ ಅಷ್ಟನ್ನು ಕತ್ತರಿಸಿ ಹೊಸದಾಗಿ ಕಟ್ಟಿ. ಸ್ಟೀಲ್ ಆದರೆ ಹತ್ತಿಯ ಬಟ್ಟೆಯಿಂದ ಸವರಿ: ನೂಲು ಸಿಕ್ಕಿಕೊಂಡ ಕಡೆ ಎಳೆ ತುಂಡಾಗಿದೆ ಎಂದರ್ಥ.

ಗುಂಡಿನ ತೂಕ 60 ಅಡಿಯವರೆಗೆ 10 ಪೌಂಡ್ ಸಾಕು. ಅದಕ್ಕೂ ಕೆಳಗೆ 12, ಆಮೇಲೆ 15. ಅಷ್ಟು ಭಾರವನ್ನು ನಿಮ್ಮ ಡೌನ್‌ರಿಗರ್ ಮೋಟರ್ ಹೊರುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ.

ಗಾಳದ ದಾರ

ರೀಲಿಗೆ ಲೈನ್ ಕೌಂಟರ್ ಇರಲಿ, 300 ಗಜ ಹಿಡಿಯಲಿ. ದಾರ ಮಾನೋ, ಅಂದರೆ ನಮ್ಮ ಕಡೆಯ ತಂಗೂಸಿ. ಇಲ್ಲಿ ಬ್ರೇಡ್ ಬೇಡ. ಅದು ರಿಲೀಸ್ ಕ್ಲಿಪ್ಪಿನಲ್ಲಿ ಜಾರುತ್ತದೆ, ಹಿಗ್ಗುವುದಿಲ್ಲ, 20 ಪೌಂಡಿನ ಚಿನೂಕ್ ತಲೆ ಒದರಿದಾಗ ಗಾಳ ಬಾಯಿ ಹರಿದು ಕಳಚಿಕೊಳ್ಳುತ್ತದೆ. ಮಾನೋ ಹಿಗ್ಗಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳಿಗೆ 20 ಪೌಂಡ್ ಮಾನೋ ಸಾಕು. ಜುಲೈ ಹೊತ್ತಿಗೆ 30 ಪೌಂಡಿಗೆ ಬದಲಾಯಿಸಿ. ಕಾರಣ ಮೀನಿನ ಬಲವಲ್ಲ, ವಾಟರ್ ಫ್ಲೀ. ಫಿಶ್‌ಹುಕ್ ವಾಟರ್ ಫ್ಲೀ ಎಂಬ ಹೊರಗಿನಿಂದ ಬಂದ ಸಣ್ಣ ಜೀವಿ ಈ ಸರೋವರದಲ್ಲಿ ಕಂಡದ್ದು 1998ರಲ್ಲಿ. ಅದರ ಉದ್ದನೆಯ ಕೊಂಡಿಬಾಲ ತೆಳು ದಾರಕ್ಕೆ ಸುತ್ತಿಕೊಳ್ಳುತ್ತದೆ, ಒಂದರ ಮೇಲೊಂದು ಸೇರಿ ಒದ್ದೆ ಹತ್ತಿಯಂತೆ ಮುದ್ದೆ ಕಟ್ಟುತ್ತದೆ. ದಾರ ಸುತ್ತುವಾಗ ಆ ಮುದ್ದೆ ರಾಡಿನ ತುದಿಯ ಬಳೆಯಲ್ಲಿ ಸಿಕ್ಕಿಕೊಂಡು, ಮೀನು ದೋಣಿಯಿಂದ 30 ಅಡಿ ದೂರದಲ್ಲಿರುವಾಗಲೇ ರೀಲ್ ನಿಂತುಹೋಗುತ್ತದೆ. ದಪ್ಪ, ನುಣುಪು ಮಾನೋಗೆ ಅದರ ಬಾಲ ಹಿಡಿತ ಸಿಗದೆ ಜಾರುತ್ತದೆ. ಗುಂಡಿನ ಬ್ರೇಡಿಗೂ ಈ ಕಾಟ ಇದೆ. ಮೇಲೆತ್ತುವಾಗ ಹಳೆ ಟವೆಲ್ಲಿನಿಂದ ದಾರ ಒರೆಸುತ್ತ ಬನ್ನಿ, ಇಲ್ಲದಿದ್ದರೆ ಪುಲ್ಲಿ ಕಟ್ಟಿಕೊಳ್ಳುತ್ತದೆ.

ಮಾನೋ ತುದಿಗೆ ಬಾಲ್‌ಬೇರಿಂಗ್ ಸ್ವಿವೆಲ್. ಅಗ್ಗದ ಹಿತ್ತಾಳೆ ಸ್ವಿವೆಲ್ ತಿರುಗದೆ ಇಡೀ ದಾರ ಹುರಿಗಟ್ಟುತ್ತದೆ. ಸ್ಪೂನ್‌ಗಾದರೆ ಸ್ವಿವೆಲ್ಲಿನಿಂದ ಮುಂದಿನ ತುಂಡು ದಾರ, ಅಂದರೆ ಲೀಡರ್, 20 ಪೌಂಡ್ ಫ್ಲೋರೋಕಾರ್ಬನ್, ಆರು ಅಡಿ. ಫ್ಲ್ಯಾಷರ್ (ಸುತ್ತುತ್ತ ಮಿನುಗಿ ಮೀನನ್ನು ಸೆಳೆಯುವ ಹಲಗೆ) ಮತ್ತು ಫ್ಲೈ (ಅದರ ಹಿಂದಿನ ಎಳೆಎಳೆಯ ಹುಸಿ ಮೇವು, ಗಾಳ ಸಮೇತ) ಜೋಡಿಗಾದರೆ ಲೆಕ್ಕ ಬೇರೆ: 8 ಇಂಚಿನ ಫ್ಲ್ಯಾಷರ್ ಹಿಂದೆ ಫ್ಲೈ 20ರಿಂದ 24 ಇಂಚು ದೂರದಲ್ಲಿರಬೇಕು, ಆ ತುಂಡು 50 ಪೌಂಡಿನ ಬಿರುಸು ದಾರವಾಗಿರಬೇಕು. ಫ್ಲ್ಯಾಷರ್ ಸುತ್ತುವಾಗ ಹುಟ್ಟುವ ಒದೆತವನ್ನು ಫ್ಲೈಗೆ ದಾಟಿಸುವುದು ಆ ಬಿರುಸು. ಮೆತ್ತನೆಯ ದಾರ ಹಾಕಿದರೆ ಫ್ಲೈ ಸುಮ್ಮನೆ ಹಿಂದೆ ತೇಲುತ್ತದೆ. ಎರಡು ಅಡಿ ಇರಬೇಕಾದ ಕಡೆ ನಾಲ್ಕು ಅಡಿ ಕಟ್ಟಿದರೂ ಅದೇ ಗತಿ.

ಇಳಿಸುವ ಬಗೆ

ದೋಣಿ ನೇರ ಓಡುತ್ತಿರುವಾಗ ಸ್ಪೂನನ್ನು ಪಕ್ಕದಲ್ಲೇ ನೀರಿಗಿಟ್ಟು ಅದು ಸರಿಯಾಗಿ ಒಲೆಯುತ್ತಿದೆಯೇ ನೋಡಿ. ಆಮೇಲೆ ಕೌಂಟರ್ ನೋಡುತ್ತ ಹಿಂದಕ್ಕೆ ಬಿಡಿ. ಆಳ 60 ಅಡಿ ದಾಟಿದ್ದರೆ ಫ್ಲ್ಯಾಷರ್‌ಗೆ 10ರಿಂದ 20 ಅಡಿ, ಸ್ಪೂನ್‌ಗೆ 15ರಿಂದ 40 ಅಡಿ ಸಾಕು. ವಸಂತದಲ್ಲಿ ದಡದ ಹತ್ತಿರ ತಿಳಿ ನೀರಿನಲ್ಲಿ ಬ್ರೌನ್ ಟ್ರೌಟ್, ಕೋಹೋ ಹುಡುಕುವಾಗ ಮೀನು ದೋಣಿಗೆ ಬೆದರುತ್ತದೆ, ಆಗ 75 ಅಡಿಗಿಂತ ಕಡಿಮೆ ಬಿಡಬೇಡಿ.

ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಸ್ಪೂಲನ್ನು ಹೆಬ್ಬೆರಳಿನಿಂದ ಒತ್ತಿಕೊಂಡು, ಗುಂಡನ್ನು ನಿಧಾನ ಇಳಿಸಿ. ದಡದಡ ಇಳಿಸಿದರೆ ಗಾಳ ಗುಂಡಿನ ಕೇಬಲ್ಲಿಗೇ ಸುತ್ತಿಕೊಳ್ಳುತ್ತದೆ. ಆಳ ಮುಟ್ಟಿದ ಮೇಲೆ ರಾಡನ್ನು ಹೋಲ್ಡರ್‌ನಲ್ಲಿಟ್ಟು, ತುದಿ ನೀರಿನ ಕಡೆ ಚೆನ್ನಾಗಿ ಬಾಗುವವರೆಗೆ ರೀಲ್ ಸುತ್ತಿ. ಹೊಸಬರು ಹೆದರಿ ಇಲ್ಲಿ ಸಡಿಲ ಬಿಡುತ್ತಾರೆ. ರಾಡ್ ಬಾಗಿದ್ದರೆ ಮಾತ್ರ, ಕ್ಲಿಪ್ ಬಿಟ್ಟ ಕ್ಷಣ ಅದು ಚಿಮ್ಮಿ ಸಡಿಲು ದಾರವನ್ನು ಎಳೆದುಕೊಂಡು ಗಾಳವನ್ನು ನಾಟಿಸುತ್ತದೆ.

ಕ್ಲಿಪ್ಪಿನ ಬಿಗಿ: ಸ್ಪೂನ್‌ಗೆ ಸಡಿಲ, 11 ಇಂಚಿನ ಫ್ಲ್ಯಾಷರ್‌ಗೆ ಬಿಗಿ, ಏಕೆಂದರೆ ಅದರ ಎಳೆತವೇ ಕ್ಲಿಪ್ಪನ್ನು ಬಿಡಿಸುವಷ್ಟಿರುತ್ತದೆ. ತೀರಾ ಬಿಗಿಯಾದರೆ ಒಂದೂವರೆ ಪೌಂಡಿನ ಮರಿ ಸಾಲ್ಮನ್ ಕಚ್ಚಿದರೂ ಬಿಡದು, ಗಂಟೆಗಟ್ಟಲೆ ಅದನ್ನೇ ಎಳೆಯುತ್ತಿರುತ್ತೀರಿ. ರಾಡಿನ ತುದಿ ಅಲೆಯ ಲಯ ಬಿಟ್ಟು ಸಣ್ಣಗೆ ನಡುಗುತ್ತಿದ್ದರೆ ಎತ್ತಿ ನೋಡಿ.

ವೇಗ ಸ್ಪೂನ್, ಫ್ಲ್ಯಾಷರ್‌ಗೆ 2.2ರಿಂದ 2.8 ಮೈಲಿ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, 80 ಅಡಿ ಕೆಳಗೆ ಪ್ರವಾಹ ಎದುರಾಗಿದ್ದರೆ ಗಾಳದ ವೇಗ ಬೇರೆಯೇ. ಪ್ರೋಬ್ ಇಲ್ಲದವರು ಕೇಬಲ್ಲಿನ ವಾಲು ನೋಡಿ ಅಂದಾಜು ಮಾಡಬೇಕು: ಒಂದು ದಿಕ್ಕಿಗೆ ಓಡುವಾಗ ಎಷ್ಟು ವಾಲಿತ್ತೋ, ತಿರುಗಿ ಬರುವಾಗಲೂ ಅಷ್ಟೇ ವಾಲುವಂತೆ ಥ್ರಾಟಲ್ ಹಿಡಿಯಿರಿ. ತಿರುವಿನಲ್ಲಿ ಒಳಬದಿಯ ಗಾಳ ನಿಧಾನವಾಗಿ ಇಳಿಯುತ್ತದೆ, ಹೊರಬದಿಯದು ಜೋರಾಗಿ ಏರುತ್ತದೆ. ಯಾವ ಬದಿಗೆ ಮೀನು ಕಚ್ಚಿತು ಎಂಬುದೇ ವೇಗ ಹೆಚ್ಚಿಸಬೇಕೋ ತಗ್ಗಿಸಬೇಕೋ ಹೇಳುತ್ತದೆ.

ಟೊರೊಂಟೊ ದಂಡೆಯವರು ಗಾಳಿಯನ್ನೂ ಓದಬೇಕು. ಪಶ್ಚಿಮದ ಗಾಳಿ ಒಂದೆರಡು ದಿನ ಬಿಡದೆ ಬೀಸಿದರೆ ಉತ್ತರ ದಂಡೆಯ ಬಿಸಿನೀರು ಒಳಕ್ಕೆ ಸರಿದು, ಕೆಳಗಿನ ತಣ್ಣೀರು ದಡದ ಹತ್ತಿರವೇ ಮೇಲೇಳುತ್ತದೆ. ಆಗ ಪೋರ್ಟ್ ಕ್ರೆಡಿಟ್, ಬ್ಲಫರ್ಸ್ ಪಾರ್ಕ್‌ನಂಥ ದೋಣಿ ಇಳಿಸುವ ಜಾಗದಿಂದ ಹೆಚ್ಚು ದೂರ ಹೋಗಬೇಕಿಲ್ಲ. ಪೂರ್ವದ ಗಾಳಿಯಾದರೆ ಬಿಸಿನೀರು ದಡಕ್ಕೆ ಒತ್ತರಿಸಿ ತಣ್ಣನೆಯ ಪದರ ಆಳಕ್ಕಿಳಿಯುತ್ತದೆ, ಆಗಲೇ ಭಾರದ ಗುಂಡು, ತೆಳು ದಾರದ ಬೆಲೆ ತಿಳಿಯುವುದು.

ಮೊದಲ ಋತುವಿಗೆ ಎರಡು ಡೌನ್‌ರಿಗರ್, ಎರಡು ರಾಡ್ ಸಾಕು. ಒಂದೇ ಕೇಬಲ್ಲಿಗೆ ಮೇಲೊಂದು ಕೆಳಗೊಂದು ರಾಡ್ ಏರಿಸುವುದನ್ನು ಆಮೇಲೆ ಕಲಿಯಿರಿ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಗುಂಡು ತಳದಲ್ಲಿ ಸಿಕ್ಕಿಕೊಂಡಾಗ ದೋಣಿ ಮುಂದೆ ಓಡುತ್ತಲೇ ಇರುತ್ತದೆ. ಡೌನ್‌ರಿಗರ್ ರಾಟೆಯ ಕ್ಲಚ್ ಪೂರ್ತಿ ಬಿಗಿದಿದ್ದರೆ ಹಿಂಬದಿ ಕೆಳಕ್ಕೆ ಎಳೆದು ಅಲೆ ಒಳನುಗ್ಗಬಹುದು. ಗುಂಡನ್ನು ಹೊತ್ತು ನಿಲ್ಲುವಷ್ಟು, ಕೈಯಿಂದ ಜೋರಾಗಿ ಎಳೆದರೆ ಜಾರುವಷ್ಟು ಮಾತ್ರ ಕ್ಲಚ್ ಬಿಗಿ ಇರಲಿ. ಬ್ರೇಡ್ ಇದ್ದವರು ಚಾಕು, ಸ್ಟೀಲ್ ಇದ್ದವರು ತಂತಿ ಕತ್ತರಿಸುವ ಇಕ್ಕಳವನ್ನು ಡೌನ್‌ರಿಗರ್ ಪಕ್ಕದಲ್ಲೇ ತೂಗುಹಾಕಿ, ಪೆಟ್ಟಿಗೆಯೊಳಗಲ್ಲ.

ಕಾಗದಪತ್ರ: 18ರಿಂದ 64 ವಯಸ್ಸಿನವರಿಗೆ ಔಟ್‌ಡೋರ್ಸ್ ಕಾರ್ಡ್ ಮತ್ತು ಮೀನುಗಾರಿಕೆ ಲೈಸೆನ್ಸ್, ಮೋಟರ್ ದೋಣಿ ನಡೆಸುವವರಿಗೆ ಪ್ಲೆಷರ್ ಕ್ರಾಫ್ಟ್ ಆಪರೇಟರ್ ಕಾರ್ಡ್, ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಲೈಫ್‌ಜಾಕೆಟ್. ಒಬ್ಬರು ಎಷ್ಟು ದಾರ ಹಾಕಬಹುದು, ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದು ಈ ಸರೋವರ ಸೇರುವ ಮೀನುಗಾರಿಕೆ ವಲಯ 20ರ ನಿಯಮಗಳಲ್ಲಿದೆ, ಪ್ರತಿ ವರ್ಷ ಹೊಸದನ್ನು ಓದಿಕೊಳ್ಳಿ.

ಮನೆಗೆ ತಂದ ಮೇಲೆ: ದೊಡ್ಡ ಚಿನೂಕ್‌ನ ಕೊಬ್ಬಿನಲ್ಲಿ ಪಿಸಿಬಿ ರಾಸಾಯನಿಕ ಸೇರಿಕೊಂಡಿರುತ್ತದೆ. ನಮ್ಮವರು ಸಾರಿಗೆ ತಲೆ, ಚರ್ಮ, ಹೊಟ್ಟೆಯ ತುಂಡು ಎಲ್ಲವನ್ನೂ ಹಾಕುವುದುಂಟು. ಈ ಮೀನಿಗೆ ಅದು ಬೇಡ. ಚರ್ಮ ಸುಲಿದು, ಹೊಟ್ಟೆಯ ಅಂಚಿನ ಕೊಬ್ಬನ್ನೂ ಬೆನ್ನಿನ ಕಂದು ಪಟ್ಟಿಯನ್ನೂ ಕತ್ತರಿಸಿ ತೆಗೆಯಿರಿ. ಪಾದರಸ ಮಾಂಸದಲ್ಲೇ ಇರುವುದರಿಂದ ಹೀಗೆ ಮಾಡಿದರೂ ಹೋಗುವುದಿಲ್ಲ. ಯಾವ ಉದ್ದದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂಬ ಪಟ್ಟಿಯನ್ನು ಒಂಟಾರಿಯೊ ಸರ್ಕಾರವೇ ಸರೋವರವಾರು ಕೊಡುತ್ತದೆ. ಗರ್ಭಿಣಿಯರು ಮತ್ತು ಮಕ್ಕಳಿಗೆ ಅದರಲ್ಲಿ ಬೇರೆ ಸಾಲಿದೆ, ಅವರಿಗೆ ಬಡಿಸುವ ಮುನ್ನ ಅದನ್ನು ನೋಡಿ.