ಕೇರ್ನ್ಸ್‌ನಿಂದ ಕರುಂಬಾವರೆಗೆ ಮೋಟರ್‌ಹೋಮ್: ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ

ಆಸ್ಟ್ರೇಲಿಯಾದಲ್ಲೂ ಗಾಡಿ ಓಡಿಸುವುದು ಎಡಗಡೆಯೇ, ಉತ್ತರದ ಹೊಳೆಗಳಲ್ಲಿ ಮೊಸಳೆ ಇರುತ್ತದೆ, ನವೆಂಬರ್‌ನಿಂದ ಮೇವರೆಗೆ ಅಲ್ಲಿನ ಸಮುದ್ರಕ್ಕೆ ಇಳಿಯಬಾರದು. ಇದೆಲ್ಲ ಎಲ್ಲರಿಗೂ ಗೊತ್ತಿರುವುದು, ಬಿಡೋಣ. ಸಿಡ್ನಿ, ಮೆಲ್ಬರ್ನ್‌ಗಳಿಂದ ನಾಲ್ಕೈದು ಗೆಳೆಯರು ಸೇರಿ ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲೊಂದು ಮೋಟರ್‌ಹೋಮ್ (ಒಳಗೇ ಮಲಗಲು, ಅಡುಗೆ ಮಾಡಲು ವ್ಯವಸ್ಥೆ ಇರುವ ಗಾಡಿ) ಬಾಡಿಗೆಗೆ ಹಿಡಿದು ಹೊರಡುವುದು ಈಗ ನಮ್ಮವರಲ್ಲಿ ರೂಢಿಯಾಗಿದೆ. ಅವರ ದುಡ್ಡು ಹೋಗುವುದು ಬಾಡಿಗೆ ಕೌಂಟರಿನ ಮುಂದೆ, ಓದದೆ ಸಹಿ ಹಾಕುವ ಆ ಹತ್ತು ನಿಮಿಷದಲ್ಲಿ. ಪ್ರತಿ ಸೀಸನ್ನಿಗೂ ಹೊಸ ತಂಡ, ಅದೇ ತಪ್ಪು.

ಮೊದಲು ದಾರಿ. ಕಡಲತೀರ, ಮಳೆಕಾಡು, ಬಯಲುಸೀಮೆ ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆಂದರೆ ಕೇರ್ನ್ಸ್, ಇನ್ನಿಸ್‌ಫೇಲ್, ರೇವನ್ಸ್‌ಹೋ, ಮೌಂಟ್ ಸರ್ಪ್ರೈಸ್, ಜಾರ್ಜ್‌ಟೌನ್, ಕ್ರಾಯ್ಡನ್, ನಾರ್ಮಂಟನ್, ಕರುಂಬಾ. ಅಲ್ಲಿಂದ ಕ್ಲಾನ್‌ಕರಿ, ಜೂಲಿಯಾ ಕ್ರೀಕ್, ಹ್ಯೂಎಂಡನ್, ಚಾರ್ಟರ್ಸ್ ಟವರ್ಸ್, ಟೌನ್ಸ್‌ವಿಲ್ ಮೂಲಕ ವಾಪಸ್ ಕೇರ್ನ್ಸ್. ಸುಮಾರು 2,300 ಕಿ.ಮೀ. ಇಡೀ ಸುತ್ತು ಡಾಂಬರು ರಸ್ತೆ. ಮುಂದೆ ಹೇಳುವ ಕಾರಣಕ್ಕೆ ಇದು ದೊಡ್ಡ ಅನುಕೂಲ. ಹತ್ತು ಹನ್ನೆರಡು ದಿನ ಇಟ್ಟುಕೊಳ್ಳಿ. ಹೋಗುವುದು ಜೂನ್‌ನಿಂದ ಆಗಸ್ಟ್ ಒಳಗೆ. ಡಿಸೆಂಬರ್ ರಜೆಗೆ ಹೋಗುವ ಯೋಚನೆ ಕೈಬಿಡಿ. ಆಗ ಮಳೆಗಾಲ, ಗಲ್ಫ್ ಪ್ರದೇಶದ (ಕರುಂಬಾ ಇರುವ ಕಾರ್ಪೆಂಟೇರಿಯಾ ಕೊಲ್ಲಿಯ ಸೀಮೆ) ರಸ್ತೆಗಳು ದಿನಗಟ್ಟಲೆ ನೀರಿನಡಿ ಇರುತ್ತವೆ.

ಕೇರ್ನ್ಸ್‌ನಿಂದ ಘಟ್ಟ ಹತ್ತಲು ಮ್ಯಾಪು ಗಿಲೀಸ್ ರೇಂಜ್ ರಸ್ತೆ ತೋರಿಸಬಹುದು. 19 ಕಿ.ಮೀ.ಗೆ 263 ತಿರುವು. ಏಳು ಮೀಟರಿನ ಗಾಡಿಯನ್ನು ಅವತ್ತಷ್ಟೇ ಮುಟ್ಟಿದವರಿಗೆ ಆ ದಾರಿ ಬೇಡ. ಇನ್ನಿಸ್‌ಫೇಲ್‌ವರೆಗೆ ಬ್ರೂಸ್ ಹೈವೇಯಲ್ಲಿ ಬಂದು ಪಾಮರ್‌ಸ್ಟನ್ ಹೈವೇ ಹಿಡಿದರೆ ಅಗಲವಾದ ರಸ್ತೆ, ನಿಧಾನದ ಏರು, ದಾರಿಯಲ್ಲೇ ಮಿಲ್ಲಾ ಮಿಲ್ಲಾ ಜಲಪಾತ.

ಇನ್ನು ಕರಾರು. ಊರಿನಿಂದ ಬಂದವರ ತಲೆಯಲ್ಲಿ ಇನ್ಶೂರೆನ್ಸ್ ಎಂದರೆ ಎರಡೇ ಬಗೆ: ಥರ್ಡ್ ಪಾರ್ಟಿ, ಇಲ್ಲವೇ ಫುಲ್ ಇನ್ಶೂರೆನ್ಸ್. ಇಲ್ಲಿ ರಿಜಿಸ್ಟ್ರೇಷನ್ ಜೊತೆ ಬರುವ ಕಡ್ಡಾಯ ಥರ್ಡ್ ಪಾರ್ಟಿ ವಿಮೆ ಮನುಷ್ಯರಿಗೆ ಆದ ಗಾಯಕ್ಕೆ ಮಾತ್ರ. ಎದುರಿನವರ ಕಾರು, ಪೆಟ್ರೋಲ್ ಬಂಕಿನ ಚಾವಣಿ, ಇಂಥ ಗಾಡಿಗಳು ತಂಗುವ ಕ್ಯಾರವಾನ್ ಪಾರ್ಕಿನ ಗೇಟು ಅದರಲ್ಲಿ ಬರುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ದೇಶದ ವ್ಯವಸ್ಥೆಯೇ ವಾಸಿ, ಅಲ್ಲಿ ಕಡ್ಡಾಯ ಥರ್ಡ್ ಪಾರ್ಟಿಯಲ್ಲೇ ಆಸ್ತಿ ಹಾನಿಯೂ ಒಂದು ಮಿತಿಯವರೆಗೆ ಸೇರಿದೆ. ಬಾಡಿಗೆ ಗಾಡಿಯಲ್ಲಿ ಆಸ್ತಿ ಹಾನಿಯ ರಕ್ಷಣೆ ಬರುವುದು ಕಂಪನಿಯ ಕರಾರಿನಿಂದ. ಕರಾರು ಮುರಿದರೆ ಅದು ಇಲ್ಲವಾಗುತ್ತದೆ, ಎದುರಿನವರ ನಷ್ಟವೂ ನಿಮ್ಮ ತಲೆಗೇ ಬರುತ್ತದೆ.

ಮೂಲ ಬಾಡಿಗೆಯಲ್ಲಿ ಎಕ್ಸೆಸ್ ಸಾಮಾನ್ಯವಾಗಿ 5,000ದಿಂದ 8,000 ಡಾಲರ್. ಏನೇ ಹಾನಿಯಾದರೂ ಅಷ್ಟರವರೆಗಿನ ಖರ್ಚು ನಿಮ್ಮದು, ತಪ್ಪು ಯಾರದ್ದಾದರೂ ಮೊದಲು ಕಟ್ಟುವವರು ನೀವೇ. ಆ ಮೊತ್ತವನ್ನು ಬಾಂಡ್ ಎಂದು ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುತ್ತಾರೆ. ಕೆಲವರು ಹಿಡಿದಿಡುವುದಿಲ್ಲ, ನಿಜವಾಗಿಯೇ ಕಡಿತ ಮಾಡಿಕೊಂಡು ಆಮೇಲೆ ಹಿಂದಿರುಗಿಸುತ್ತಾರೆ. ಭಾರತದ ಬ್ಯಾಂಕಿನ ಕಾರ್ಡು ಕೊಟ್ಟಿದ್ದರೆ ಹೋಗುವಾಗ ಒಂದು ದರ, ಬರುವಾಗ ಇನ್ನೊಂದು ದರ, ನಡುವೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಗಾಡಿಗೆ ಒಂದು ಗೀರೂ ಬೀಳದಿದ್ದರೂ ಕೈಯಿಂದ ಹಣ ಹೋಗುತ್ತದೆ. ಆದ್ದರಿಂದ ಗುಂಪಿನಲ್ಲಿ ಆಸ್ಟ್ರೇಲಿಯಾ ಬ್ಯಾಂಕಿನ ಕ್ರೆಡಿಟ್ ಕಾರ್ಡು ಇರುವವರೇ ಬುಕ್ ಮಾಡಲಿ. ಡೆಬಿಟ್ ಕಾರ್ಡು ಕೊಡಬೇಡಿ, ಎರಡು ಮೂರು ವಾರ ಆ ಹಣ ಖಾತೆಯಲ್ಲಿ ಇರುವುದಿಲ್ಲ.

ಕೌಂಟರಿನವರು ದಿನಕ್ಕೆ ಇಷ್ಟು ಎಂದು ಕಟ್ಟಿದರೆ ಎಕ್ಸೆಸ್ ಸೊನ್ನೆಗೆ ಇಳಿಯುತ್ತದೆ ಎನ್ನುತ್ತಾರೆ. ಇಳಿಯುತ್ತದೆ, ಕಟ್ಟುವುದೂ ಒಳ್ಳೆಯದೇ. ಆದರೆ ಸೊನ್ನೆ ಎಂಬ ಆ ಮಾತು ಕೇಳಿ ನಮ್ಮವರು ಉಳಿದ ಪುಟ ತಿರುವುವುದಿಲ್ಲ. ಆ ಪುಟಗಳಲ್ಲಿ ‘ಹೊರತುಪಡಿಸಿದ ಹಾನಿಗಳು’ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಬಿದ್ದರೆ ಎಕ್ಸೆಸ್ ಎಷ್ಟು ಎಂಬ ಪ್ರಶ್ನೆಯೇ ಇಲ್ಲ, ಪೂರ್ತಿ ರಿಪೇರಿ ಖರ್ಚು, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ, ಎಳೆದು ತರುವ ಖರ್ಚು ಎಲ್ಲ ನಿಮ್ಮದು. ಒಳ್ಳೆಯ ಮೋಟರ್‌ಹೋಮ್ ಬೆಲೆ ಒಂದು ಲಕ್ಷ ಡಾಲರ್ ದಾಟುತ್ತದೆ.

ಆ ಪಟ್ಟಿಯಲ್ಲಿ ಗೆಳೆಯರ ಗುಂಪಿಗೆ ಕಂಟಕವಾಗುವುದು ಮೊದಲು ಡ್ರೈವರ್ ಹೆಸರು. ಕರಾರಿನಲ್ಲಿ ಹೆಸರು ಇಲ್ಲದವರು ಸ್ಟೇರಿಂಗ್ ಹಿಡಿದಾಗ ಅಪಘಾತವಾದರೆ ವಿಮೆ ಇಲ್ಲ. ‘ಒಂದೇ ಗಂಟೆ ನೀನು ಓಡಿಸು, ನಾನು ಕಣ್ಣು ಮುಚ್ಚುತ್ತೇನೆ’ ಎನ್ನುವ ಗಳಿಗೆಯಲ್ಲೇ ಇದು ಆಗುವುದು. ಹೊರಡುವ ಮುಂಚೆಯೇ ಓಡಿಸುವವರೆಲ್ಲರ ಲೈಸೆನ್ಸ್ ತೋರಿಸಿ ಹೆಸರು ಸೇರಿಸಿ. 4.5 ಟನ್‌ವರೆಗಿನ ಗಾಡಿಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಆದರೆ ಪಿ ಪ್ಲೇಟ್ (ಹೊಸ ಚಾಲಕರ ತಾತ್ಕಾಲಿಕ ಲೈಸೆನ್ಸ್) ಇರುವವರನ್ನು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ, ವಿದ್ಯಾರ್ಥಿಗಳ ಗುಂಪು ಇದನ್ನು ಬುಕ್ ಮಾಡುವಾಗಲೇ ಕೇಳಬೇಕು. ಕರ್ನಾಟಕದ ಲೈಸೆನ್ಸ್ ಮೇಲೆ ಓಡಿಸುವವರು ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿಟ್ಟುಕೊಳ್ಳಿ.

ಎರಡನೆಯದು ಮಣ್ಣಿನ ರಸ್ತೆ. ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಇರುವ ಮೋಟರ್‌ಹೋಮನ್ನು ಡಾಂಬರಿಲ್ಲದ ರಸ್ತೆಗೆ ಇಳಿಸುವಂತಿಲ್ಲ. ಗುರುತಿಸಿದ ಕ್ಯಾಂಪ್‌ಗ್ರೌಂಡಿಗೆ ಹೋಗುವ ಚಿಕ್ಕ, ಒಳ್ಳೆಯ ದಾರಿಗೆ ಹಲವು ಕಂಪನಿಗಳು ವಿನಾಯಿತಿ ಕೊಡುತ್ತವೆ, ಎಷ್ಟು ಕಿ.ಮೀ. ಎಂಬುದು ಕರಾರಿನಲ್ಲಿ ಬರೆದಿರುತ್ತದೆ. ಅಂಡಾರಾ ಲಾವಾ ಸುರಂಗಗಳಿಗೆ ಡಾಂಬರಿದೆ, ಹೋಗಿ, ಅದನ್ನು ಬಿಡಲೇಬಾರದು. ಜಾರ್ಜ್‌ಟೌನ್‌ನಿಂದ ಕೋಬೋಲ್ಡ್ ಗಾರ್ಜ್‌ಗೆ ಹೋಗುವ ದಾರಿಯಲ್ಲಿ ಮಣ್ಣಿನ ರಸ್ತೆ ಬಹಳಷ್ಟಿದೆ. ಬಾಡಿಗೆ ಮೋಟರ್‌ಹೋಮಿನಲ್ಲಿ ಬೇಡ. ಯಾರೂ ನೋಡುವುದಿಲ್ಲ ಎಂದುಕೊಳ್ಳಬೇಡಿ, ಗಾಡಿ ಎಲ್ಲಿ, ಯಾವ ವೇಗದಲ್ಲಿ ಓಡಿತು ಎಂದು ದಾಖಲಿಸುವ ಜಿಪಿಎಸ್ ಸಾಧನ ಈಗ ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯ.

ಮೂರನೆಯದು ಎತ್ತರ ಮತ್ತು ತಳ. ಮುಂದಿನ ಗಾಜಿನ ಮೇಲ್ಗಡೆ ಆಗುವ ಹಾನಿ, ಗಾಡಿಯ ಹೊಟ್ಟೆಗೆ ಆಗುವ ಹಾನಿ ಎರಡೂ ಹಲವು ಕರಾರುಗಳಲ್ಲಿ ವಿಮೆಯಿಂದ ಹೊರಗೆ. ಗಾಡಿಯ ಎತ್ತರ 3.2ರಿಂದ 3.6 ಮೀಟರ್ ಇರುತ್ತದೆ. ಶಾಪಿಂಗ್ ಸೆಂಟರ್ ಪಾರ್ಕಿಂಗ್, ತಗ್ಗು ಮರದ ಕೊಂಬೆ, ಬರ್ಗರ್ ಅಂಗಡಿಯ ಡ್ರೈವ್ ಥ್ರೂ, ಇವು ಮೂರೇ ಸಾಕು. ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ರಿವರ್ಸ್ ತೆಗೆಯುವಾಗ ಒಬ್ಬರು ಕಡ್ಡಾಯವಾಗಿ ಕೆಳಗಿಳಿದು ಹಿಂದೆ ನಿಲ್ಲಬೇಕು, ಅವರು ಮೇಲಕ್ಕೂ ನೋಡಬೇಕು.

ಎಲ್ಲಕ್ಕಿಂತ ಭಯಂಕರವಾದದ್ದು ‘ಒಂದೇ ವಾಹನದ ಪಲ್ಟಿ’ ಎಂಬ ಕಲಮು. ಬೇರೆ ಗಾಡಿ ತಾಗದೆ ನಿಮ್ಮದು ತಾನೇ ಉರುಳಿದರೆ ಹಲವು ಕರಾರುಗಳಲ್ಲಿ ಪೂರ್ತಿ ಹೊಣೆ ನಿಮ್ಮದು. ಅದು ಆಗುವ ಬಗೆ ಹೀಗೆ: ಮುಸ್ಸಂಜೆ, ಪೊದೆಯಿಂದ ಕಾಂಗರೂ ಹಾರುತ್ತದೆ, ಡ್ರೈವರ್ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಾನೆ, ಎಡಚಕ್ರಗಳು ಡಾಂಬರು ಬಿಟ್ಟು ಜಲ್ಲಿಗೆ ಇಳಿಯುತ್ತವೆ, ಗಾಬರಿಯಲ್ಲಿ ಬಲಕ್ಕೆ ಎಳೆಯುತ್ತಾನೆ. ಮೂರು ಟನ್ ದಾಟಿದ, ತಲೆಭಾರದ ಗಾಡಿ ಅಲ್ಲೇ ಮಗುಚುತ್ತದೆ. ಪ್ರಾಣಿ ಅಡ್ಡ ಬಂದರೆ ಸ್ಟೇರಿಂಗ್ ನೇರ ಹಿಡಿದು ಬ್ರೇಕ್ ಒತ್ತಿ, ಅಷ್ಟೇ. ತಾಗಿದರೆ ತಾಗಲಿ. ಕೇಳಲು ಕಠೋರ, ಆದರೆ ಒಳಗೆ ಕೂತ ಐದು ಜೀವ ಉಳಿಯುವುದು ಹೀಗೆ. ಚಕ್ರ ಜಲ್ಲಿಗೆ ಇಳಿದುಬಿಟ್ಟರೆ ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿದ ಮೇಲೆ ನಿಧಾನವಾಗಿ ಮೇಲೆ ಬನ್ನಿ.

ಕತ್ತಲಾದ ಮೇಲೆ ಊರ ಹೊರಗೆ ಓಡಿಸುವುದನ್ನೇ ಕೆಲವು ಕರಾರುಗಳು ನಿಷೇಧಿಸುತ್ತವೆ. ನಿಷೇಧ ಇಲ್ಲದಿದ್ದರೂ ಓಡಿಸಬೇಡಿ. ಇಲ್ಲಿ ಜೂನ್ ಜುಲೈನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಐದು ಗಂಟೆಗೆ ಗಾಡಿ ನಿಂತಿರಬೇಕು. ಗಲ್ಫ್ ಕಡೆ ಹಲವು ಕಡೆ ಬೇಲಿಯೇ ಇಲ್ಲ, ದನಗಳು ಡಾಂಬರಿನ ಮೇಲೇ ಮಲಗಿರುತ್ತವೆ.

ಸಹಿ ಹಾಕುವವರು ಒಬ್ಬರು, ಕಂಪನಿ ಮೊದಲು ಹಿಡಿಯುವುದೂ ಅವರನ್ನೇ. ಬಾಡಿಗೆ ಸಮನಾಗಿ ಹಂಚಿಕೊಂಡವರು ಹಾನಿ ಬಂದಾಗ ‘ಓಡಿಸಿದ್ದು ನಾನಲ್ಲ’ ಎನ್ನುತ್ತಾರೆ, ಸ್ನೇಹ ಅಲ್ಲಿಗೆ ಮುಗಿಯುತ್ತದೆ. ಹಾನಿ, ದಂಡ, ಟೋಯಿಂಗ್ ಖರ್ಚು ಹೇಗೆ ಹಂಚಿಕೆ ಎಂದು ಹೊರಡುವ ಮೊದಲೇ ಗುಂಪಿನ ವಾಟ್ಸಾಪ್‌ನಲ್ಲಿ ಬರೆದು ಎಲ್ಲರೂ ಒಪ್ಪಿಗೆ ಹಾಕಿ. ಸಂಕೋಚ ಬೇಡ. ದಂಡಗಳೂ ಚಿಕ್ಕವಲ್ಲ: ಕ್ವೀನ್ಸ್‌ಲ್ಯಾಂಡಿನಲ್ಲಿ ಓಡಿಸುವಾಗ ಫೋನ್ ಹಿಡಿದರೆ ಅಥವಾ ಸೀಟ್ ಬೆಲ್ಟ್ ಇಲ್ಲದಿದ್ದರೆ 1,000 ಡಾಲರ್ ಮೇಲೆ, ಜೊತೆಗೆ ಲೈಸೆನ್ಸ್ ಮೇಲೆ ನಾಲ್ಕು ಡಿಮೆರಿಟ್ ಪಾಯಿಂಟ್ (ತಪ್ಪಿನ ಅಂಕ), ಹಿಡಿಯುವುದು ಕ್ಯಾಮೆರಾ. ಗಾಡಿ ಚಲಿಸುತ್ತಿರುವಾಗ ಎದ್ದು ಹೋಗಿ ಕಾಫಿ ಮಾಡುವುದು, ಹಿಂದಿನ ಹಾಸಿಗೆಯಲ್ಲಿ ಮಲಗುವುದು ಎರಡೂ ಇದರಲ್ಲೇ ಬರುತ್ತವೆ. ಪ್ರತಿ ದಂಡದ ಮೇಲೆ ಬಾಡಿಗೆ ಕಂಪನಿಯ ನಿರ್ವಹಣಾ ಶುಲ್ಕ ಬೇರೆ.

ರಸ್ತೆಯ ಮೇಲೆ ಹೊಸದಾಗಿ ಕಲಿಯಬೇಕಾದ್ದು ರೋಡ್ ಟ್ರೇನ್, ಅಂದರೆ ಸಾಲಾಗಿ ಟ್ರೇಲರ್‌ಗಳನ್ನು ಎಳೆಯುವ ಲಾರಿ. 53.5 ಮೀಟರ್‌ವರೆಗೆ ಉದ್ದ, ಅಂದರೆ ನಾಲ್ಕೈದು ಕೆಎಸ್‌ಆರ್‌ಟಿಸಿ ಬಸ್ಸು ಬಾಲಕ್ಕೆ ಬಾಲ ಹಚ್ಚಿ ನಿಂತಷ್ಟು. ಹಿಂದಿಕ್ಕಲು ಎದುರಿನ ರಸ್ತೆ ಕನಿಷ್ಠ ಒಂದೂವರೆ ಕಿ.ಮೀ. ಖಾಲಿ ಕಾಣಬೇಕು. ಕ್ರಾಯ್ಡನ್ ಕಡೆಯ ಕೆಲವು ತುಂಡುಗಳಲ್ಲಿ ಡಾಂಬರು ಒಂದೇ ಗಾಡಿಯ ಅಗಲ. ಎದುರಿಗೆ ಕಾರು ಬಂದರೆ ಇಬ್ಬರೂ ಎಡಚಕ್ರ ಮಾತ್ರ ಜಲ್ಲಿಗೆ ಇಳಿಸಿ ದಾಟುತ್ತಾರೆ. ರೋಡ್ ಟ್ರೇನ್ ಬಂದರೆ ವೇಗ ಇಳಿಸಿ ಪೂರ್ತಿ ಪಕ್ಕಕ್ಕೆ ಸರಿದು ನಿಂತುಬಿಡಿ, ಡಾಂಬರೆಲ್ಲ ಅದಕ್ಕೇ. ಅದು ಜಲ್ಲಿಗೆ ಇಳಿದರೆ ಸಿಡಿಯುವ ಕಲ್ಲು ನಿಮ್ಮ ಗಾಜಿಗೇ, ಮತ್ತು ಗಾಜು, ಟೈರು ಮೂಲ ವಿಮೆಯಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೊ ಸಿಕ್ಕರೆ ಬಾಡಿಗೆಗೆ ತನ್ನಿ. ಲಾರಿಯವರು 40ನೇ ಚಾನೆಲ್‌ನಲ್ಲಿರುತ್ತಾರೆ, ಹಿಂದಿಕ್ಕುವ ಮುಂಚೆ ಕೇಳಿದರೆ ಹೇಳುತ್ತಾರೆ.

ಡೀಸೆಲ್: ಕ್ರಾಯ್ಡನ್ನಿಂದ ನಾರ್ಮಂಟನ್ ಸುಮಾರು 150 ಕಿ.ಮೀ., ನಾರ್ಮಂಟನ್ನಿಂದ ಕ್ಲಾನ್‌ಕರಿ ಸುಮಾರು 380, ನಡುವೆ ಬರ್ಕ್ ಅಂಡ್ ವಿಲ್ಸ್ ರೋಡ್‌ಹೌಸ್ ಒಂದೇ. ದೊಡ್ಡ ಗಾಡಿ ನೂರು ಕಿ.ಮೀ.ಗೆ 13ರಿಂದ 15 ಲೀಟರ್ ಕುಡಿಯುತ್ತದೆ, ಎದುರುಗಾಳಿಗೆ ಇನ್ನೂ ಹೆಚ್ಚು. ಅರ್ಧ ಟ್ಯಾಂಕಿಗೆ ಬಂದಾಗಲೇ ತುಂಬಿಸಿ. ಗಾಡಿಯ ಪಕ್ಕದಲ್ಲಿ ಡೀಸೆಲ್, ಕುಡಿಯುವ ನೀರು, ಆಡ್‌ಬ್ಲೂ (ಎಂಜಿನ್ನಿನ ಹೊಗೆ ಶುದ್ಧಿಗೆ ಹಾಕುವ ದ್ರವ) ಮೂರಕ್ಕೂ ಬೇರೆ ಬೇರೆ ಬಾಯಿ. ಡೀಸೆಲ್ ಟ್ಯಾಂಕಿಗೆ ಪೈಪಿಟ್ಟು ನೀರು ಬಿಡುವುದು, ಆಡ್‌ಬ್ಲೂ ಸುರಿಯುವುದು ಇಲ್ಲಿ ನಿಜವಾಗಿ ಆಗುತ್ತಿರುವ ಅನಾಹುತ, ಅದಕ್ಕೂ ವಿಮೆ ಇಲ್ಲ. ಹಾಗಾದಾಗ ಎಂಜಿನ್ ಚಾಲೂ ಮಾಡಬೇಡಿ, ಕೀಲಿಯನ್ನೂ ತಿರುಗಿಸಬೇಡಿ. ಟ್ಯಾಂಕಿನಲ್ಲೇ ಇದ್ದರೆ ತೊಳೆದರೆ ಮುಗಿಯಿತು, ಪಂಪು ಇಂಜೆಕ್ಟರುಗಳಿಗೆ ಹೋದರೆ ಸಾವಿರಗಟ್ಟಲೆ ಡಾಲರ್.

ಒಳಗಿನ ಎಸಿ, ಮೈಕ್ರೊವೇವ್ 240 ವೋಲ್ಟ್ ಕರೆಂಟು ಇದ್ದಾಗ ಮಾತ್ರ ಓಡುತ್ತವೆ. ಅದಕ್ಕೆ ಕ್ಯಾರವಾನ್ ಪಾರ್ಕಿನಲ್ಲಿ ಪವರ್ಡ್ ಸೈಟ್ (ಕರೆಂಟ್ ಸಂಪರ್ಕ ಇರುವ ಜಾಗ) ಬೇಕು. 15 ಆಂಪ್ ವೈರಿನ ಅರ್ತ್ ಪಿನ್ ದಪ್ಪ, ಮನೆಯ ಸಾಕೆಟ್ಟಿಗೆ ಹೋಗುವುದಿಲ್ಲ, ಪಿನ್ ಅರೆದು ತೂರಿಸಬೇಡಿ. ದಾರಿಬದಿಯ ರೆಸ್ಟ್ ಏರಿಯಾಗಳಲ್ಲಿ ರಾತ್ರಿ ತಂಗಬಹುದು ಎಂದು ಬೋರ್ಡ್ ಇರುವ ಕಡೆ 20 ಗಂಟೆವರೆಗೆ ಉಚಿತ. ಕರ್ನಾಟಕದ ಹೆದ್ದಾರಿಗಳಲ್ಲೂ ಇಂಥ ಶುಚಿಯಾದ ವ್ಯವಸ್ಥೆ ಬರಲಿ ಎನ್ನಿಸದೆ ಇರದು. ಕರುಂಬಾದಲ್ಲಿ ಜುಲೈ ಹೊತ್ತಿಗೆ ದಕ್ಷಿಣದ ನಿವೃತ್ತರು ಬಂದು ಪಾರ್ಕುಗಳು ಭರ್ತಿ, ತಿಂಗಳುಗಳ ಮುಂಚೆ ಬುಕ್ ಮಾಡಿ.

ಒಗ್ಗರಣೆಯನ್ನು ಗಾಡಿಯೊಳಗೆ ಹಾಕಬೇಡಿ. ಹೊಗೆಯ ಅಲಾರಂ ಕೂಗುವುದು ಸಣ್ಣ ವಿಷಯ, ಇಂಗು ಮೆಣಸಿನಕಾಯಿ ಘಾಟು ಸೀಟಿನ ಬಟ್ಟೆಗೆ ಹಿಡಿದರೆ ಕ್ಲೀನಿಂಗ್ ಶುಲ್ಕ ಹಾಕುತ್ತಾರೆ. ಕ್ಯಾರವಾನ್ ಪಾರ್ಕಿನ ಕ್ಯಾಂಪ್ ಕಿಚನ್‌ನಲ್ಲೇ ಮಾಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಜೊತೆಗಿದ್ದರೆ ಅರ್ಧ ಅಡುಗೆ ಮುಗಿದಂತೆ. ಕುಕ್ಕರ್ ಇಟ್ಟಾಗ ಕಿಟಕಿ ತೆರೆದಿರಲಿ. ಚಳಿ ಎಂದು ಗ್ಯಾಸ್ ಒಲೆ ಹಚ್ಚಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್‌ನಿಂದ ಸಾವು ಬರುತ್ತದೆ, ಬಯಲುಸೀಮೆಯ ಜುಲೈ ರಾತ್ರಿಗಳು ಕೊರೆಯುತ್ತವೆ, ಹಾಸಿಗೆ ಹೊದಿಕೆ ಹೆಚ್ಚು ಕೇಳಿ ತನ್ನಿ.

ಟಾಯ್ಲೆಟ್ ಕ್ಯಾಸೆಟ್ಟನ್ನು (ಗಾಡಿಯ ಶೌಚದ ಕೊಳೆ ಸೇರುವ, ಹೊರಗೆಳೆಯುವ ಡಬ್ಬಿ) ಅದಕ್ಕೆಂದೇ ಇರುವ ಡಂಪ್ ಪಾಯಿಂಟ್‌ನಲ್ಲೇ ಖಾಲಿ ಮಾಡಬೇಕು. ಎರಡು ದಿನಕ್ಕೊಮ್ಮೆ, ಸರದಿಯ ಮೇಲೆ. ಕ್ಯಾಸೆಟ್ ಎಳೆಯುವ ಮುಂಚೆ ಒಳಗಿನ ಮುಚ್ಚಳ ಮುಚ್ಚಿದೆಯೇ ನೋಡಿ, ಸುರಿಯುವಾಗ ಗಾಳಿಗುಂಡಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಚಿಮ್ಮುತ್ತದೆ. ತೊಳೆದ ಮೇಲೆ ಒಂದೆರಡು ಲೀಟರ್ ನೀರು ಮತ್ತು ರಾಸಾಯನಿಕದ ಸ್ಯಾಶೆ ಹಾಕಿಯೇ ಒಳಗಿಡಿ.

ಗಾಡಿ ತೆಗೆದುಕೊಳ್ಳುವಾಗ ಇಪ್ಪತ್ತು ನಿಮಿಷ ವಿಡಿಯೊ ಮಾಡಿ: ಚಾವಣಿಯ ಅಂಚು, ಬಂಪರಿನ ಅಡಿ, ಗಾಜು, ಸ್ಟೆಪ್ನಿ ಸೇರಿ ಎಲ್ಲ ಟೈರು, ಹೊರಗೆ ಬಿಚ್ಚುವ ಆನಿಂಗ್ (ನೆರಳಿನ ಚಪ್ಪರ). ಆನಿಂಗನ್ನು ರಾತ್ರಿ ಮಡಚಲೇಬೇಕು, ಗಾಳಿಗೆ ಮುರಿದರೆ ಅದೂ ನಿಮ್ಮ ಲೆಕ್ಕ. ವಾಪಸ್ ಕೊಡುವಾಗ ಡೀಸೆಲ್ ಫುಲ್, ಕ್ಯಾಸೆಟ್ ಖಾಲಿ, ಒಳಗೆ ಗುಡಿಸಿರಬೇಕು. ಮುಚ್ಚುವ ಸಮಯಕ್ಕೆ ಎರಡು ಗಂಟೆ ಮುಂಚೆ ತಲುಪಿ, ಸಿಬ್ಬಂದಿ ಎದುರಿಗೇ ಪರೀಕ್ಷೆ ಮುಗಿಸಿ, ಹಾನಿ ಇಲ್ಲ ಎಂದು ಬರೆಸಿಕೊಂಡು ಬಾಂಡ್ ಬಿಡುಗಡೆಯ ರಸೀದಿ ಇಮೇಲ್‌ಗೆ ಬಂದದ್ದನ್ನು ನೋಡಿದ ಮೇಲೆಯೇ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಕರೆಯಿರಿ.