ಕರೆಯೋಲೆಯಲ್ಲೊಂದು ಕ್ಯೂಆರ್: ಮುಹೂರ್ತ ನೇರ ನೆಂಟರ ಫೋನಿಗೆ

ಗೃಹಪ್ರವೇಶದ ಕರೆಯೋಲೆಯಲ್ಲಿ ಕ್ಯೂಆರ್ ಕೋಡ್ ಹಾಕಿದರೆ, ನೆಂಟರು ಸ್ಕ್ಯಾನ್ ಮಾಡಿ ಮುಹೂರ್ತವನ್ನು ತಮ್ಮ ಫೋನಿನ ಕ್ಯಾಲೆಂಡರಿಗೆ ಸೇರಿಸಿಕೊಳ್ಳಬಹುದು. ಇಂಥ ಕೋಡಿನಲ್ಲಿ ಎರಡು ಬಗೆ. ಒಂದರೊಳಗೆ ಬರೀ ಲಿಂಕ್. ಇಂಟರ್‌ನೆಟ್ ಇಲ್ಲದೆ ತೆರೆಯದು. ಇನ್ನೊಂದರೊಳಗೆ ಕಾರ್ಯಕ್ರಮದ ಹೆಸರು, ಸಮಯ, ಸ್ಥಳ ಎಲ್ಲವೂ ಅಡಕ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವವರಿಗೆ ಎರಡನೆಯದೇ ಸರಿ.

ಕ್ಯೂಆರ್ ತಯಾರಿಸುವ ಯಾವುದಾದರೂ ಉಚಿತ ತಾಣದಲ್ಲಿ ‘ಇವೆಂಟ್’ ಆಯ್ದು, ‘ಸ್ಟ್ಯಾಟಿಕ್’ (ವಿವರವೆಲ್ಲ ಕೋಡಿನೊಳಗೇ ಇರುವ ಬಗೆ) ಅನ್ನೇ ಒತ್ತಿ. ‘ಡೈನಾಮಿಕ್’ ಕೋಡ್ ಆ ತಾಣದ ಮೂಲಕವೇ ಹಾದುಬರುತ್ತದೆ. ಅವರ ಉಚಿತ ಅವಧಿ ಮುಗಿದರೆ, ಹಂಚಿದ ಕರೆಯೋಲೆಯಲ್ಲಿ ಕೋಡ್ ಇದ್ದೂ ಇಲ್ಲದಂತೆ.

ಎಡವುವುದು ಸಮಯದಲ್ಲಿ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಫೋನಿನಲ್ಲಿ ನಡುರಾತ್ರಿ 12ಕ್ಕೆ. ಪುರೋಹಿತರು ‘ಭಾನುವಾರ ಬೆಳಗಿನ ಜಾವ 4.40’ ಎಂದರೆ ತಾರೀಕು ಯಾವುದೆಂದು ಅವರನ್ನೇ ಕೇಳಿ. ಫೋನಿನ ಲೆಕ್ಕಕ್ಕೆ ಅದು ಸೋಮವಾರವಿರಬಹುದು. ಆಮೇಲೆ ಸಮಯವಲಯ ‘ಕೋಲ್ಕತ್ತಾ’ (ಭಾರತದ ಸಮಯಕ್ಕೆ ಕಂಪ್ಯೂಟರಿನಲ್ಲಿರುವ ಹೆಸರು) ಎಂದಿದೆಯೇ ನೋಡಿ. ಕೆಲವು ತಾಣಗಳು ಯುಟಿಸಿ, ಅಂದರೆ ಜಾಗತಿಕ ಸಮಯವನ್ನೇ ಕೇಳುತ್ತವೆ. ಆಗ ಐದೂವರೆ ತಾಸು ಕಳೆಯಬೇಕು. ಸೋಮವಾರದ 4.40 ಅಲ್ಲಿ ಭಾನುವಾರ ರಾತ್ರಿ 11.10 ಆಗುತ್ತದೆ. ಸ್ಕ್ಯಾನ್ ಮಾಡಿದಾಗ ಬೆಳಿಗ್ಗೆ 10.10 ಎಂದು ಕಂಡರೆ ಕಳೆಯುವುದನ್ನು ಮರೆತಿದ್ದೀರಿ. ನೆಂಟರು ಬರುವಷ್ಟರಲ್ಲಿ ಹಾಲು ಉಕ್ಕಿ ಆಗಿರುತ್ತದೆ.

ಬರಹ ಚಿಕ್ಕದಿರಲಿ. ‘ಗೃಹಪ್ರವೇಶ’ ಕಣ್ಣಿಗೆ 5 ಅಕ್ಷರ; ಒತ್ತು, ಸ್ವರಚಿಹ್ನೆಗಳೂ ಸೇರಿ ಕಂಪ್ಯೂಟರಿಗೆ 9 ಸಂಕೇತ, ಒಂದಕ್ಕೆ 3ರಂತೆ 27 ಬೈಟ್. ‘ಸುಖಾಗಮನ ಬಯಸುವವರು’ ಎಂದು ಊರಿಡೀ ಹೆಸರು ತುಂಬಿಸಿದರೆ ಚುಕ್ಕಿಗಳು ರವೆಯಷ್ಟಾಗಿ ಹಳೆಯ ಫೋನುಗಳು ಓದಲಾರವು. ಶೀರ್ಷಿಕೆ, ಸಮಯ, ಊರು ಸಾಕು.

ಮುದ್ರಣದಲ್ಲಿ ಕೋಡ್ ಕನಿಷ್ಠ 2.5 ಸೆಂ.ಮೀ. ಇರಲಿ, ಸುತ್ತ ಕೋಡಿನ 4 ಚುಕ್ಕಿಯಷ್ಟು ಖಾಲಿ ಅಂಚು ಬಿಡಿ. ಬಿಳಿಯ ಮೇಲೆ ಕಪ್ಪು. ಕೆಂಪು ಕಾಗದದ ಮೇಲೆ ಚಿನ್ನದ ಹೊಳಪು ಬೇಡವೇ ಬೇಡ, ಕ್ಯಾಮೆರಾಕ್ಕೆ ಬರೀ ಮಿಂಚು ಕಾಣುತ್ತದೆ. ಕರೆಯೋಲೆಗೆ ಅರಿಶಿನ ಹಚ್ಚುವ ಮೂಲೆಗಳಲ್ಲೂ ಕೋಡ್ ಬೇಡ. ದೋಷ ತಿದ್ದುವ ಮಟ್ಟ ‘ಎಂ’ ಇಟ್ಟರೆ ಸುಮಾರು 15% ಅಳಿಸಿದರೂ ಓದುತ್ತದೆ, ನಿಜ. ಆದರೆ ಕೋಡಿನ ಮೂಲೆಯ ಮೂರು ದೊಡ್ಡ ಚೌಕ ಮುಚ್ಚಿದರೆ ಅದೂ ಕೈಕೊಡುತ್ತದೆ.

ಪ್ರೆಸ್ಸಿನಿಂದ ಬಂದ ಪ್ರೂಫ್ ಕಾಗದವನ್ನೇ ಒಂದು ಐಫೋನ್, ಎರಡು ಆಂಡ್ರಾಯ್ಡ್‌ನಲ್ಲಿ, ಡೇಟಾ ಆಫ್ ಮಾಡಿ ಸ್ಕ್ಯಾನ್ ಮಾಡಿ. ಕೆಲವು ಆಂಡ್ರಾಯ್ಡ್ ಕ್ಯಾಮೆರಾಗಳು ಬರೀ ಅಕ್ಷರ ತೋರಿಸಿ ಸುಮ್ಮನಾಗುತ್ತವೆ. ಅಂಥವರಿಗೆ ಗೂಗಲ್ ಲೆನ್ಸ್ ಹೇಳಿಕೊಡಿ. ವಾಟ್ಸ್ಆ್ಯಪಿಗೆ ಮಾತ್ರ ಕೋಡಿನ ಚಿತ್ರ ಕಳಿಸಬೇಡಿ: ತನ್ನ ಪರದೆಯನ್ನು ತಾನೇ ಕ್ಯಾಮೆರಾದಲ್ಲಿ ಹಿಡಿಯಲು ಯಾವ ಫೋನಿಗೂ ಆಗದು. ಅಲ್ಲಿಗೆ ಗೂಗಲ್ ಕ್ಯಾಲೆಂಡರ್ ಲಿಂಕನ್ನೇ ಹಾಕಿ.